ಹಿತ್ತಿಲಿನ ಆಲೂಗಡ್ಡೆಗೆ ಬಿತ್ತನೆ ಎಲ್ಲಿಂದ?

ಮಾಗಡಿ ಸೀಮೆಯ ಹಳೆಯ ಮನೆಗಳಲ್ಲಿ ಅವರೆಬೀಜಕ್ಕಾಗಿ ಅಂಗಡಿಯ ಬಾಗಿಲು ತಟ್ಟಿದ ಅಜ್ಜಿಯರು ವಿರಳ. ಬಲಿತ ಕಾಯಿಯನ್ನು ಒಣಗಿಸಿ, ಬೂದಿ ಬೆರೆಸಿ, ಮಡಕೆಯ ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಮೇಲಿಟ್ಟರೆ ಮುಂದಿನ ಮಳೆಗಾಲದವರೆಗೂ ಬೀಜದ ಚಿಂತೆಯಿಲ್ಲ. ರಾಗಿ, ಹುಚ್ಚೆಳ್ಳು, ಅಲಸಂದೆಗಳಿಗೂ ಇದೇ ದಾರಿ. ಸೋರೆ, ಹೀರೆ, ಕುಂಬಳಗಳ ಬೀಜವಂತೂ ಒಂದು ಹಿತ್ತಿಲಿನಿಂದ ಮತ್ತೊಂದು ಹಿತ್ತಿಲಿಗೆ, ತವರಿನಿಂದ ಗಂಡನ ಮನೆಗೆ ಸೆರಗಿನ ಗಂಟಿನಲ್ಲೇ ಪಯಣಿಸಿದೆ. ಆದರೆ ಅದೇ ಮನೆಯ ಅಡುಗೆಯಲ್ಲಿ ವಾರಕ್ಕೆ ಎರಡು ಬಾರಿಯಾದರೂ ಕಾಣಿಸಿಕೊಳ್ಳುವ ಆಲೂಗಡ್ಡೆಯನ್ನು ಹಿತ್ತಿಲಿನಲ್ಲಿ ನಾಲ್ಕು ಸಾಲು ನೆಡೋಣವೆಂದು ಯಾರಾದರೂ ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಬಿತ್ತನೆಗಡ್ಡೆ ಎಲ್ಲಿ ಸಿಗುತ್ತದೆ?

ಪ್ರಶ್ನೆ ಚಿಕ್ಕದು. ಉತ್ತರ ಹುಡುಕುತ್ತ ಹೋದರೆ ಅದು ಜಲಂಧರದವರೆಗೆ, ಶಿಮ್ಲಾದವರೆಗೆ, ಕೊನೆಗೆ ದೆಹಲಿಯ ಉಚ್ಚ ನ್ಯಾಯಾಲಯದವರೆಗೂ ಎಳೆದೊಯ್ಯುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಆಲೂಗಡ್ಡೆಯ ನಾಡಲ್ಲ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾಯಿಸಿಕೊಂಡ ಈ ಸೀಮೆಯನ್ನು ಹೊರಗಿನವರು ರೇಷ್ಮೆಗೂಡು, ಮಾವು, ರಾಗಿ ಮತ್ತು ಬಂಡೆಬೆಟ್ಟಗಳಿಂದ ಗುರುತಿಸುತ್ತಾರೆ. ಕರ್ನಾಟಕದಲ್ಲಿ ಆಲೂಗಡ್ಡೆಯೆಂದರೆ ಹಾಸನ. ಬಳಿಕ ಚಿಕ್ಕಬಳ್ಳಾಪುರ, ಕೋಲಾರ, ಚಿಕ್ಕಮಗಳೂರು, ಬೆಳಗಾವಿ. ಹೀಗಾಗಿ ಈ ನಾಲ್ಕು ತಾಲ್ಲೂಕುಗಳ ಬೀಜದಂಗಡಿಗಳಲ್ಲಿ ಟೊಮೇಟೊ, ಮೆಣಸಿನಕಾಯಿ, ಹುರುಳಿಕಾಯಿಗಳ ಬಣ್ಣದ ಪೊಟ್ಟಣಗಳು ತೂಗಾಡುತ್ತವೆಯೇ ಹೊರತು ಬಿತ್ತನೆಗಡ್ಡೆ ಕಣ್ಣಿಗೆ ಬೀಳುವುದು ಅಪರೂಪ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಕಾರಿ ಬೀಜ ದೊರೆಯುತ್ತದೆಂದು ತಿಳಿದವರು ಅಲ್ಲಿಗೂ ಹೋಗಿ ಕೇಳುವುದುಂಟು. ಆದರೆ ದೇಶದಲ್ಲಿ ಆಲೂಗಡ್ಡೆಗೆಂದೇ ಬೇರೆ ಸಂಸ್ಥೆಯಿದೆ. 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ವರ್ಗವಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದು. ಅದರ ತಳಿಗಳೆಲ್ಲ 'ಕುಫ್ರಿ' ಎಂಬ ಮನೆಹೆಸರು ಹೊತ್ತಿರುವುದು ಶಿಮ್ಲಾ ಬಳಿಯ ಅದೇ ಹೆಸರಿನ ಊರಿನಿಂದ.

ಹಾಸನದ ರೈತ ಬಿತ್ತುವ ಗಡ್ಡೆ ಹಾಸನದಲ್ಲಿ ಬೆಳೆದದ್ದಲ್ಲವೆಂಬ ಸಂಗತಿ ಅನೇಕ ವಿದ್ಯಾರ್ಥಿಗಳಿಗೆ ಆಶ್ಚರ್ಯ ತರಬಹುದು. ಪ್ರತಿವರ್ಷ ಮೇ ತಿಂಗಳಲ್ಲಿ ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರದ ಕಡೆಯಿಂದ ಲಾರಿಗಳು ಹಾಸನದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಬಂದು ನಿಲ್ಲುತ್ತವೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ಇದಕ್ಕೆ ಕಾರಣ ವ್ಯಾಪಾರಿಗಳ ಹುನ್ನಾರವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಆಲೂಗಡ್ಡೆಯ ಬಿತ್ತನೆ ಒಣಗಿದ ಬೀಜವಲ್ಲ, ನೀರು ತುಂಬಿದ ಜೀವಂತ ಗಡ್ಡೆ. ತಾಯಿಗಿಡಕ್ಕೆ ತಗುಲಿದ ನಂಜುರೋಗ ಗಡ್ಡೆಯೊಳಗೆ ಕುಳಿತು ಮುಂದಿನ ಗಿಡಕ್ಕೂ ದಾಟುತ್ತದೆ. ಈ ನಂಜುಗಳಲ್ಲಿ ಮುಖ್ಯವಾದವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಸಸ್ಯಹೇನು. ಪಂಜಾಬಿನ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಚಳಿಯ ದೆಸೆಯಿಂದ ಹೇನಿನ ಕಾಟ ತೀರಾ ಕಡಿಮೆ. ಹೇನು ಹೆಚ್ಚುವ ಮೊದಲೇ ಗಿಡದ ಮೇಲ್ಭಾಗವನ್ನು ಕತ್ತರಿಸಿ, ಗಡ್ಡೆಯನ್ನು ನೆಲದಲ್ಲೇ ಬಲಿಯಲು ಬಿಟ್ಟು ಅನಂತರ ಕಿತ್ತರೆ ರೋಗ ಕಡಿಮೆಯಿರುವ ಬಿತ್ತನೆ ದೊರೆಯುತ್ತದೆ. ಶಿಮ್ಲಾದ ವಿಜ್ಞಾನಿಗಳು ರೂಪಿಸಿದ ಈ ಕ್ರಮದಿಂದಲೇ ಇಡೀ ದೇಶಕ್ಕೆ ಬಿತ್ತನೆ ಒದಗಿಸುವ ಪಟ್ಟ ಬೆಟ್ಟಗಳಿಂದ ಉತ್ತರದ ಬಯಲಿಗೆ ದಾಟಿತು. ದಕ್ಷಿಣದ ಬೆಚ್ಚನೆಯ ಹವೆಯಲ್ಲಿ ಹೇನಿಗೆ ವರ್ಷವಿಡೀ ಹಬ್ಬ.

ಆದರೂ ಇಡೀ ರಾಜ್ಯ ಒಂದೇ ದಿಕ್ಕಿಗೆ ಮುಖಮಾಡಿ ಒಂದೇ ತಳಿಗೆ ಕಾಯುತ್ತ ನಿಲ್ಲುವುದರ ಅಪಾಯವನ್ನು ಹಾಸನ ಕಣ್ಣಾರೆ ಕಂಡಿದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಅಲ್ಲಿ ದಶಕಗಳ ಕಾಲ ಏಕಚಕ್ರಾಧಿಪತಿಯಾಗಿ ಮೆರೆಯಿತು. ಅದು ಅಂಗಮಾರಿಯನ್ನು ತಡೆಯಲೆಂದೇ ಬೆಳೆಸಿದ ತಳಿ. ಕಾಲಕ್ರಮದಲ್ಲಿ ರೋಗಾಣು ಬದಲಾಯಿತು, ತಳಿ ಬದಲಾಗಲಿಲ್ಲ. 2000ದ ದಶಕದ ಉತ್ತರಾರ್ಧದಲ್ಲಿ ಅಂಗಮಾರಿ ಎರಗಿದಾಗ ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತವು. ಔಷಧಿ ಹೊಡೆದು ಹೊಡೆದು ಸೋತ ರೈತರು ಜೋಳಕ್ಕೂ ಶುಂಠಿಗೂ ಹೊರಳಿದರು. ಇದೇ ರೋಗ 1845ರಿಂದ ಐರ್ಲೆಂಡಿನ ಬಡವರ ಏಕಮಾತ್ರ ಆಹಾರವನ್ನು ನಾಶಗೊಳಿಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾಯಿತು. ಅಲ್ಲಿಯೂ ಬಡವರು ನೆಚ್ಚಿದ್ದು ಬಹುಮಟ್ಟಿಗೆ ಒಂದೇ ತಳಿಯನ್ನು. ಆಲೂಗಡ್ಡೆಯ ತವರಾದ ಆಂಡಿಸ್ ಪರ್ವತದ ಮಹಿಳೆಯರಾದರೋ ಒಂದೇ ತುಂಡು ಹೊಲದಲ್ಲಿ ಹತ್ತಾರು ಬಗೆಯನ್ನು ಬೆರೆಸಿ ನೆಡುತ್ತ ಬಂದವರು. ಪೆರುವಿನ ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ಸಾವಿರಾರು ತಳಿಗಳು ಕಾಪಾಡಲ್ಪಟ್ಟಿವೆ. ಕನ್ನಡ ನಾಡಿನ ತರಕಾರಿ ಅಂಗಡಿಯಲ್ಲಿ ಆಲೂಗಡ್ಡೆಗೆ ಹೆಸರು ಕೇಳಿದರೆ 'ಹೊಸದು', 'ಹಳೆಯದು' ಎಂಬ ಎರಡೇ ಉತ್ತರ.

ಹಿತ್ತಿಲಿನವರ ಸಂಕಟ ಮತ್ತೊಂದು ಬಗೆಯದು. ಬಿತ್ತನೆಗಡ್ಡೆಯ ವ್ಯವಸ್ಥೆಯೆಲ್ಲ ಲಾರಿಯ ಅಳತೆಯಲ್ಲಿ ನಡೆಯುತ್ತದೆ. ಅದರ ಅತಿ ಚಿಕ್ಕ ತೂಕ 50 ಕಿಲೋ ಚೀಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಗೆ ಎಷ್ಟು ಬೇಕು? ಎರಡು ಅಡಿಗೊಂದು ಸಾಲು, ಸಾಲಿನಲ್ಲಿ ಎಂಟು ಅಂಗುಲಕ್ಕೊಂದು ಗಡ್ಡೆಯಂತೆ ಇಟ್ಟರೆ 75 ಗಡ್ಡೆ. ಬಿತ್ತನೆಗೆ ಯೋಗ್ಯವಾದ ಗಡ್ಡೆ 40ರಿಂದ 50 ಗ್ರಾಂ ತೂಗುವುದರಿಂದ ಮೂರು, ಮೂರೂವರೆ ಕಿಲೋ ಸಾಕು. ಈ ಮೂರೂವರೆ ಕಿಲೋವನ್ನು ಮಾರುವವರು ಯಾರೂ ಇಲ್ಲ.

ಆದ್ದರಿಂದಲೇ ಜನ ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತ ಗಡ್ಡೆಯನ್ನೇ ನೆಲಕ್ಕೆ ಊರುತ್ತಾರೆ. ಇದನ್ನು ಅಪರಾಧವೆನ್ನಲಾಗದು, ಕೆಲವೊಮ್ಮೆ ಬೆಳೆಯೂ ಬರುತ್ತದೆ. ಆದರೆ ಎರಡು ಸಂಗತಿಗಳನ್ನು ಅರಿತಿರಬೇಕು. ಶೀತಲಗೃಹಗಳಲ್ಲಿ ತಿನ್ನಲೆಂದು ಇಡುವ ಗಡ್ಡೆಗೆ ಮೊಳಕೆ ಬಾರದಂತೆ ಕ್ಲೋರ್‌ಪ್ರೊಫಾಮ್ ಎಂಬ ರಾಸಾಯನಿಕದ ಹೊಗೆ ಹಾಕುವುದುಂಟು. ಅಂತಹ ಗಡ್ಡೆಯನ್ನು ನೆಟ್ಟು ತಿಂಗಳುಗಟ್ಟಲೆ ಕಾದರೂ ಕಣ್ಣು ಬಿಡುವುದಿಲ್ಲ, ಬಿಟ್ಟರೂ ಸೊರಗಿದ ಕುಡಿ. ಎರಡನೆಯದು ಇದಕ್ಕಿಂತ ಗಂಭೀರ. ತಿನ್ನುವ ಗಡ್ಡೆಯನ್ನು ಬಿತ್ತನೆಯ ರೋಗಗಳಿಗಾಗಿ ಯಾರೂ ಪರೀಕ್ಷಿಸಿರುವುದಿಲ್ಲ. ದುಂಡಾಣು ಸೊರಗು ರೋಗ ಅದರೊಡನೆ ಹಿತ್ತಿಲು ಹೊಕ್ಕರೆ ಆ ವರ್ಷದ ಆಲೂಗಡ್ಡೆಯೊಂದೇ ಹಾಳಾಗುವುದಿಲ್ಲ. ಅದೇ ಕುಟುಂಬಕ್ಕೆ ಸೇರಿದ ಬದನೆ, ಟೊಮೇಟೊ, ಮೆಣಸಿನಕಾಯಿಗಳೂ ಆ ಮಣ್ಣಿನಲ್ಲಿ ವರ್ಷಗಟ್ಟಲೆ ನಿಂತನಿಲುವಿನಲ್ಲೇ ಬಾಡುತ್ತವೆ. ಬಡ ಕುಟುಂಬವೊಂದರ ಇಡೀ ತರಕಾರಿ ಮಡಿ ಒಂದು ಗಡ್ಡೆಯಿಂದ ಕೆಡಬಹುದು. ಎಲೆ ಹಳದಿಯಾಗದೆ ಹಸಿರಾಗಿರುವಾಗಲೇ ಗಿಡ ಜೋತುಬಿದ್ದರೆ ಅದರ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆಗಳು ಕೆಳಗಿಳಿದರೆ ಅದೇ ರೋಗ. ಶಾಲೆಯ ಮಕ್ಕಳೂ ಮಾಡಬಲ್ಲ ಪರೀಕ್ಷೆಯಿದು.

ಊಟಿಗೆ ಪ್ರವಾಸ ಹೋದವರು ದಾರಿಬದಿಯಲ್ಲಿ ಮಣ್ಣು ಮೆತ್ತಿದ ಗಡ್ಡೆಯನ್ನು ಕೊಂಡು ತಂದು, ಚೆನ್ನಾಗಿದೆಯೆಂದು ನಾಲ್ಕನ್ನು ಹಿತ್ತಿಲಿಗೆ ಹಾಕುವ ರೂಢಿಯೂ ಇದೆ. ಇದನ್ನಂತೂ ಕೂಡಲೇ ನಿಲ್ಲಿಸಬೇಕು. ಒಂದು ಕಾಲಕ್ಕೆ ನೀಲಗಿರಿಯೇ ದಕ್ಷಿಣಕ್ಕೆ ಬಿತ್ತನೆಯ ಬೆಟ್ಟವಾಗಿತ್ತು. 1961ರಲ್ಲಿ ಅಲ್ಲಿ ಗಡ್ಡೆಯ ಬೇರಿಗೆ ಕೋಶ ಕಟ್ಟುವ ಜಂತುಹುಳು ಪತ್ತೆಯಾಯಿತು. ಸಾಸಿವೆಗಿಂತ ಸಣ್ಣದಾದ ಅದರ ಕೋಶ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರಬಲ್ಲದು. ಊಟಿ ಬಳಿಯ ಮುತ್ತೊರೈನಲ್ಲಿರುವ ಶಿಮ್ಲಾ ಸಂಸ್ಥೆಯ ಕೇಂದ್ರ ಈ ಹುಳುವನ್ನು ತಾಳಿಕೊಳ್ಳುವ ಕುಫ್ರಿ ಸ್ವರ್ಣದಂತಹ ತಳಿಗಳಿಗಾಗಿ ದುಡಿಯಿತು. 2018ರಲ್ಲಿ ಹಿಮಾಚಲದ ಕಡೆಯೂ ಇದೇ ಹುಳು ಕಾಣಿಸಿಕೊಂಡಾಗ ಹಿಮಾಚಲ, ಜಮ್ಮು-ಕಾಶ್ಮೀರ, ಉತ್ತರಾಖಂಡ ಹಾಗೂ ತಮಿಳುನಾಡುಗಳಿಂದ ಬಿತ್ತನೆಗಡ್ಡೆಯನ್ನು ಹೊರಸಾಗಿಸದಂತೆ ಕೇಂದ್ರ ಸರ್ಕಾರ ನಿರ್ಬಂಧ ಹೇರಿತು. ಸಾವನದುರ್ಗದ ತಪ್ಪಲಿನ ಮಣ್ಣಿಗೆ ಅದನ್ನು ಕೈಚೀಲದಲ್ಲಿ ತಂದು ಸುರಿಯುವುದು ಬೇಡ.

ಹಾಗಾದರೆ ಮನೆಯಲ್ಲೇ ಬಿತ್ತನೆ ಉಳಿಸಿಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಬೀಜ ಸ್ವಾವಲಂಬನೆಯ ಮಾತಾಡುವವರು ಇಲ್ಲಿ ಉತ್ಸಾಹದ ಜೊತೆಗೆ ಪಂಚಾಂಗವನ್ನೂ ನೋಡಬೇಕಾಗುತ್ತದೆ. ಸಮುದ್ರಮಟ್ಟದಿಂದ ಏಳೆಂಟುನೂರು ಮೀಟರ್ ಎತ್ತರದ ಈ ಸೀಮೆಯಲ್ಲಿ ಆಲೂಗಡ್ಡೆಗೆ ಒಗ್ಗುವ ಕಾಲ ಹಿಂಗಾರಿನ ಜೋರು ಇಳಿದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಗಡ್ಡೆ ಕಟ್ಟಬೇಕಾದರೆ ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿರಬೇಕು. ಡಿಸೆಂಬರ್, ಜನವರಿಯ ಚಳಿ ಅದನ್ನು ಒದಗಿಸುತ್ತದೆ. ಎಂಬತ್ತು, ತೊಂಬತ್ತು ದಿನಗಳಲ್ಲಿ ಕಿತ್ತರೆ ಅದು ಜನವರಿ ಕೊನೆ ಅಥವಾ ಫೆಬ್ರವರಿ. ಮುಂದಿನ ನಾಟಿಗೆ ಒಂಬತ್ತು ತಿಂಗಳಿದೆ, ನಡುವೆ ಸುಡುವ ಬೇಸಿಗೆ. ಗಡ್ಡೆ ನಿದ್ದೆ ಮಾಡುವುದು ಹೆಚ್ಚೆಂದರೆ ಎರಡೂವರೆ ತಿಂಗಳು. ಏಪ್ರಿಲಿನಲ್ಲೇ ಎದ್ದು ಮೊಳಕೆ ಚಾಚಿ, ಸುಕ್ಕುಗಟ್ಟಿ, ನವೆಂಬರ್ ಹೊತ್ತಿಗೆ ಸಿಪ್ಪೆ ಮಾತ್ರ ಉಳಿದಿರುತ್ತದೆ. ಅವರೆಕಾಳಿನ ಮಡಕೆಯ ಬುದ್ಧಿ ಇಲ್ಲಿ ನಡೆಯದು.

ಇದಕ್ಕೊಂದು ದಾರಿಯಿದೆ, ಸಲೀಸಾದುದಲ್ಲ. ಫೆಬ್ರವರಿಯ ಗಡ್ಡೆಯನ್ನು ಕತ್ತಲ ಮೂಲೆಯಲ್ಲಿ ರಾಶಿ ಹಾಕದೆ, ಬಿದಿರಿನ ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ, ನೇರ ಬಿಸಿಲು ಬೀಳದ ಆದರೆ ಬೆಳಕೂ ಗಾಳಿಯೂ ಆಡುವ ಜಗುಲಿಯಲ್ಲಿಟ್ಟರೆ ಅದು ಹಸಿರಾಗಿ ಗಿಡ್ಡನೆಯ ಗಟ್ಟಿ ಮೊಳಕೆ ಬಿಡುತ್ತದೆ. ಹಸಿರಾದ ಗಡ್ಡೆ ತಿನ್ನಲು ವಿಷ, ಬಿತ್ತಲು ಉತ್ತಮ. ಜೂನ್ ಆರಂಭದವರೆಗೆ ಅದನ್ನು ಹೀಗೆ ಕಾಯ್ದುಕೊಂಡು, ಮುಂಗಾರಿನಲ್ಲಿ ಒಂದು ಚಿಕ್ಕ ಮಡಿಯಲ್ಲಿ ಬಿತ್ತನೆಗಾಗಿಯೇ ಬೆಳೆಯಬೇಕು. ಆಗಸ್ಟ್ ಕೊನೆಗೆ ಕಿತ್ತ ಆ ಗಡ್ಡೆ ನಿದ್ದೆ ಮುಗಿಸಿ ನವೆಂಬರ್ ನಾಟಿಗೆ ಸರಿಯಾಗಿ ಕಣ್ಣು ತೆರೆಯುತ್ತದೆ. ಆದರೆ ಮುಂಗಾರಿನ ಮೋಡದಲ್ಲಿ ಅಂಗಮಾರಿಯ ಭಯ ಹೆಚ್ಚು. ಕಾಡಂಚಿನ ಕನಕಪುರ, ಚನ್ನಪಟ್ಟಣದ ಹಳ್ಳಿಗಳಲ್ಲಿ ಕಾಡುಹಂದಿ ಅಂಗಮಾರಿಗಿಂತ ಮೊದಲೇ ಬಂದು ಲೆಕ್ಕ ಚುಕ್ತಾ ಮಾಡಿಬಿಡಬಹುದು. ಗಿಡ ಹೂವಿಗೆ ಬಂದಾಗಲೇ ನಂಜಿಲ್ಲದ, ಎಲೆ ಮುದುಡದ ಗಿಡಗಳಿಗೆ ಕಡ್ಡಿ ನೆಟ್ಟು ಗುರುತುಮಾಡಿ, ಅವುಗಳ ಗಡ್ಡೆಯನ್ನು ಮಾತ್ರ ಬಿತ್ತನೆಗೆ ಎತ್ತಿಡುವ ಕ್ರಮವನ್ನು ಕೀನ್ಯಾದ ಸಣ್ಣ ರೈತರು ಅನುಸರಿಸಿ ಫಲ ಕಂಡಿದ್ದಾರೆ. ಇಷ್ಟೆಲ್ಲ ಮಾಡಿದರೂ ಎರಡು ಮೂರು ಬೆಳೆಗಳ ನಂತರ ಹೊಸ ಬಿತ್ತನೆ ತರಲೇಬೇಕು. ಈ ಒಂದು ವಿಷಯದಲ್ಲಿ ಹಿತ್ತಿಲು ಹೊರಗಿನ ಹಂಗಿನಿಂದ ಪೂರ್ತಿ ಬಿಡಿಸಿಕೊಳ್ಳಲಾರದು.

ಆ ಹೊಸ ಬಿತ್ತನೆ ಸನಿಹದಲ್ಲೇ ದೊರೆಯುವ ಆಸೆ ಈಚಿನ ವರ್ಷಗಳಲ್ಲಿ ಹಾಸನದಿಂದ ಮೂಡಿದೆ. ಬಾಗಲಕೋಟೆ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಹಾಸನ ಬಳಿಯ ಸೋಮನಹಳ್ಳಿ ಕಾವಲಿನ ಕೇಂದ್ರ, ಲಿಮಾದ ಅಂತಾರಾಷ್ಟ್ರೀಯ ಕೇಂದ್ರದ ನೆರವಿನಿಂದ, ಗಡ್ಡೆಯ ಬದಲು ಬೇರು ಬಿಟ್ಟ ಕುಡಿಸಸಿಗಳನ್ನು ರೈತರಿಗೆ ಪರಿಚಯಿಸಿತು. ಪ್ರಯೋಗಾಲಯದಲ್ಲಿ ಅಂಗಾಂಶದಿಂದ ಬೆಳೆಸಿದ ರೋಗಮುಕ್ತ ತಾಯಿಗಿಡದ ತುದಿಯನ್ನು ಚಿವುಟಿ, ಬೇರು ಬರಿಸಿ, ಟೊಮೇಟೊ ಸಸಿಯಂತೆ ತಟ್ಟೆಯಲ್ಲಿ ಕೊಡುವ ಪದ್ಧತಿ ಇದು. ಪರದೆಮನೆಯಲ್ಲಿ ಅಥವಾ ಕಾಪಾಡಿದ ಮಡಿಯಲ್ಲಿ ನೆಟ್ಟರೆ ಒಂದೊಂದು ಸಸಿ ಹತ್ತರ ಆಸುಪಾಸಿನ ಗಡ್ಡೆ ಕೊಡುತ್ತದೆ. ಆ ಗಡ್ಡೆಗಳು ಮುಂದಿನ ಕೆಲವು ಬೆಳೆಗಳಿಗೆ ಬಿತ್ತನೆಯಾಗುತ್ತವೆ. ಲಾರಿ ಬೇಡ, ಚೀಲ ಬೇಡ, ಎಣಿಸಿ ಕೊಡಬಹುದಾದ ಬಿತ್ತನೆ. ದೊಡ್ಡ ಬೆಳೆಗಾರನಿಗಾಗಿ ಹುಟ್ಟಿದ ಈ ವಿಧಾನ ಹಿತ್ತಿಲಿನವರಿಗೇ ಹೆಚ್ಚು ಹೊಂದುವಂತಿದೆ, ಅದನ್ನು ಹಾಗೆ ಹಂಚಲು ಯಾರಾದರೂ ಮನಸ್ಸು ಮಾಡಿದರೆ. ಈ ನಾಲ್ಕು ತಾಲ್ಲೂಕುಗಳ ತೋಟಗಾರಿಕಾ ಇಲಾಖೆಯ ಸಸ್ಯಕ್ಷೇತ್ರಗಳು ಮಾವಿನ, ತೆಂಗಿನ ಸಸಿಗಳ ಪಕ್ಕದಲ್ಲಿ ನೂರು ತಟ್ಟೆ ಆಲೂಗಡ್ಡೆಯ ಕುಡಿಸಸಿಗೂ ಜಾಗ ಮಾಡಬಾರದೇಕೆ ಎಂದು ಕೇಳುವ ಹಕ್ಕು ಜನರಿಗಿದೆ.

ತಳಿಯ ಆಯ್ಕೆಯಲ್ಲೂ ಜ್ಯೋತಿಯೊಂದಕ್ಕೇ ಅಂಟಿಕೊಳ್ಳಬೇಕಿಲ್ಲ. 2006ರಲ್ಲಿ ಬಿಡುಗಡೆಯಾದ ಕುಫ್ರಿ ಹಿಮಾಲಿನಿ ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅದೇ ವರ್ಷದ ಕುಫ್ರಿ ಸೂರ್ಯ ರಾತ್ರಿಯ ಬಿಸಿ ಸ್ವಲ್ಪ ಹೆಚ್ಚಿದ್ದರೂ ಗಡ್ಡೆ ಕಟ್ಟುತ್ತದೆ. ಚಳಿಗಾಲವೇ ಕುಗ್ಗುತ್ತಿರುವ ಬೆಂಗಳೂರಿನ ನೆರೆಹೊರೆಗೆ ಇದನ್ನು ಪರೀಕ್ಷಿಸಿ ನೋಡುವುದು ಲೇಸು.

ಬಿತ್ತನೆಯ ಮೇಲಿನ ಹಕ್ಕಿನ ವಿಚಾರವನ್ನೂ ಇಲ್ಲಿ ಮರೆಯಲಾಗದು. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡ ಎಫ್‌ಎಲ್ 2027 ಎಂಬ ಚಿಪ್ಸ್ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ಮೊಕದ್ದಮೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿ ಪರಿಹಾರ ಕೇಳಿತು. ದೇಶದಾದ್ಯಂತ ಪ್ರತಿಭಟನೆ ಎದ್ದಾಗ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದುಪಡಿಸಿತಾದರೂ 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಕಂಪನಿಯ ಪರವಾಗಿ ತೀರ್ಪಿತ್ತಿತು. ಇದರಿಂದ ಹಿತ್ತಿಲಿನವರು ಹೆದರಬೇಕಾಗಿಲ್ಲ. 2001ರ ಕಾಯ್ದೆಯ 39ನೆಯ ಕಲಮು ರೈತನಿಗೆ ತಾನು ಬೆಳೆದ ಬಿತ್ತನೆಯನ್ನು ಉಳಿಸುವ, ಮತ್ತೆ ಬಿತ್ತುವ, ನೆರೆಯವರೊಡನೆ ವಿನಿಮಯ ಮಾಡಿಕೊಳ್ಳುವ, ಮಾರುವ ಹಕ್ಕನ್ನೂ ನೀಡಿದೆ. ಸಂರಕ್ಷಿತ ತಳಿಯನ್ನು ಅದರ ಹೆಸರಿನ ಮುದ್ರೆಯೊಡನೆ ಪೊಟ್ಟಣ ಕಟ್ಟಿ ಮಾರುವುದಕ್ಕೆ ಮಾತ್ರ ತಡೆ. ಕುಫ್ರಿ ತಳಿಗಳಂತೂ ಸಾರ್ವಜನಿಕ ಹಣದಿಂದ ಹುಟ್ಟಿದವು. ಮಾಗಡಿಯ ಮಹಿಳೆಯೊಬ್ಬಳು ತನ್ನ ಬುಟ್ಟಿಯ ಅರ್ಧವನ್ನು ಕನಕಪುರದ ತಂಗಿಗೆ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಸದ್ಯಕ್ಕೆ ಆಗಬಹುದಾದ ಕೆಲಸ ಬಹಳ ಸರಳವಾದುದು. ಹದಿನೈದು ಮನೆಗಳು ಕೂಡಿದರೆ ಒಂದು ಚೀಲ ಬಿತ್ತನೆಗಡ್ಡೆ ಭಾರವಲ್ಲ. ಹಳ್ಳಿಹಳ್ಳಿಯಲ್ಲೂ ಸ್ತ್ರೀಶಕ್ತಿ ಸಂಘವಿದೆ, ಬೆಳಗ್ಗೆ ಸಂಜೆ ಎಲ್ಲರೂ ಸೇರುವ ಹಾಲಿನ ಡೇರಿಯಿದೆ. ಪಶು ಆಹಾರದ ಮೂಟೆ ಹಂಚುವ ಡೇರಿಗೆ ಬಿತ್ತನೆಗಡ್ಡೆಯ ಮೂಟೆಯೊಂದನ್ನು ಹಂಚುವುದು ಅಸಾಧ್ಯವೇನಲ್ಲ. ಚಿಕ್ಕಬಳ್ಳಾಪುರ, ಕೋಲಾರ ಭಾಗದ ಬೆಳೆಗಾರರು ಹಿಂಗಾರು ನಾಟಿಗೆ ಶೀತಲಗೃಹದ ಬಿತ್ತನೆ ತರಿಸುವಾಗ ಅವರೊಡನೆ ಸೇರಿ ಒಂದೆರಡು ಚೀಲ ಕೇಳಬಹುದು. ಕೊಳ್ಳುವಾಗ ರಸೀದಿ ಪಡೆಯಬೇಕು. ಚೀಲಕ್ಕೆ ಕಟ್ಟಿದ ಚೀಟಿಯನ್ನು ನೋಡಬೇಕು. ಪ್ರಮಾಣಿತ ಬಿತ್ತನೆಗೆ ನೀಲಿ ಚೀಟಿ, ಮೂಲ ಬಿತ್ತನೆಗೆ ಬಿಳಿ, ಮಾರುವವನದೇ ಭರವಸೆಯ ಬಿತ್ತನೆಗೆ ಹಸಿರು. ಮಾರುಕಟ್ಟೆಯಲ್ಲಿ ಚೀಟಿಯೇ ಇಲ್ಲದ ಚೀಲಗಳು ಧಾರಾಳವಾಗಿ ಎದುರಾಗುತ್ತವೆ. ಅಲ್ಲಿ ನಾಲ್ಕೈದು ಗಡ್ಡೆ ಕೊಯ್ದು ನೋಡಿ, ಒಳಗೆ ಕಂದು ಉಂಗುರ ಕಂಡರೆ ಬಿಟ್ಟು ಬರುವುದು ಕ್ಷೇಮ. ತಂದ ಗಡ್ಡೆಯನ್ನು ಹತ್ತು ಹನ್ನೆರಡು ದಿನ ನೆರಳಿನ ಬೆಳಕಿನಲ್ಲಿ ಹರಡಿ ಮೊಳಕೆ ಬರಿಸಬೇಕು. ಸಣ್ಣ ಗಡ್ಡೆಯನ್ನು ಇಡಿಯಾಗಿಯೇ ನೆಡುವುದು ಒಳ್ಳೆಯದು. ದೊಡ್ಡದನ್ನು ಎರಡು ಕಣ್ಣಾದರೂ ಇರುವಂತೆ ಕತ್ತರಿಸಿ, ಪ್ರತಿ ಗಡ್ಡೆಗೂ ಚಾಕುವನ್ನು ಒರೆಸಿ, ಬೂದಿ ಸವರಿ ಎರಡು ದಿನ ಒಣಗಿಸಿ ನೆಡಬೇಕು. ಬದನೆ, ಟೊಮೇಟೊ ಇದ್ದ ಮಡಿ ಬೇಡ. ರಾಗಿ ಅಥವಾ ಅವರೆ ಕೊಯ್ದ ನೆಲವಾದರೆ ಉತ್ತಮ. ರೇಷ್ಮೆ ಮನೆಯ ಹಿಕ್ಕೆ ಮತ್ತು ಸೊಪ್ಪಿನ ಕಸ ಚೆನ್ನಾಗಿ ಕಳಿತಿದ್ದರೆ ಈ ಕೆಂಪುಮಣ್ಣಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಹತ್ತಡಿಯ ಮಡಿ ಒಗ್ಗಿದರೆ ಹತ್ತು, ಹದಿನೈದು ಕಿಲೋ ಕೊಟ್ಟೀತು.

ನವೆಂಬರಿನ ನಾಟಿಗೆ ಬಿತ್ತನೆ ಕೈಸೇರಬೇಕಾದರೆ ಆಗಸ್ಟಿನಲ್ಲೇ ಹೆಸರು ಬರೆಸಿ ಲೆಕ್ಕ ಕೂಡಿಸಬೇಕು. ಸೋಮನಹಳ್ಳಿ ಕಾವಲಿನ ಕೇಂದ್ರಕ್ಕೆ ಕುಡಿಸಸಿ ಕೇಳಿ ಬರೆಯುವ ಪತ್ರವೂ ಅಷ್ಟು ಹೊತ್ತಿಗೇ ಹೋಗಬೇಕು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಜಗುಲಿಯ ಬಿದಿರು ತಟ್ಟೆಯಲ್ಲಿ ಗಡ್ಡೆ ಜೂನ್‌ವರೆಗೆ ಈ ಸೀಮೆಯಲ್ಲಿ ನಿಜಕ್ಕೂ ಉಳಿದೀತೇ, ಹಿಮಾಲಿನಿ ಉತ್ತಮವೋ ಸೂರ್ಯ ಉತ್ತಮವೋ ಎಂಬುದನ್ನು ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಶಾಲೆಗಳ ಕೈತೋಟದಲ್ಲಿ ಪರೀಕ್ಷಿಸಿ ನೋಡುವಂತೆ ಅಲ್ಲಿನ ವಿಜ್ಞಾನಿಗಳನ್ನು ಕೇಳುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ.